ನಾನೆಲ್ಲಿ ಒಪ್ಪಿಕೊಂಡೆ?

"ನಿನ್ನ ಸಿಟ್ಟನ್ನ ನೀನು ಒಪ್ಪಿಕೊಂಡೆ, ಸರಿ. ನಾನೆಲ್ಲಿ ಒಪ್ಪಿಕೊಂಡೆ?"

ಅಕ್ಕ ಹೀಗೆ ಕೇಳಿದ್ದು ಫೋನಿನಲ್ಲಿ. ದನಿ ಏರಿಸಿರಲಿಲ್ಲ. ಅದಕ್ಕೂ ಹತ್ತು ನಿಮಿಷ ಮೊದಲು ನಾನು ಅವಳ ಮೇಲೆ ಕೂಗಾಡಿದ್ದೆ. ಕಾರಣ ಈಗ ನೆನಪಿಲ್ಲ. ನೆನಪಿಡುವಂಥದ್ದೂ ಆಗಿರಲಿಕ್ಕಿಲ್ಲ. ಕೂಗಾಡಿ ಮುಗಿದ ಮೇಲೆ ತಪ್ಪಾಯ್ತು ಅನ್ನುವುದು ಬಿಟ್ಟು, ಹೊಸದಾಗಿ ಕಲಿತಿದ್ದ ಜ್ಞಾನವನ್ನು ಅವಳ ಮುಂದೆ ಸುರಿದೆ. "ನೋಡಕ್ಕಾ, ನನ್ನೊಳಗೆ ಸಿಟ್ಟಿದೆ. ನಾನದನ್ನ ಒಪ್ಪಿಕೊಂಡಿದ್ದೀನಿ. ಅದರ ಜೊತೆ ಗುದ್ದಾಡೋದನ್ನ ಬಿಟ್ಟಿದ್ದೀನಿ." ಅದಕ್ಕೆ ಬಂದ ಉತ್ತರ ಅದು.

ಉತ್ತರ ಕೊಡಲು ನನಗೆ ಏನೂ ತೋಚಲಿಲ್ಲ. ಅದಾಗಿ ಎರಡು ವರ್ಷವಾಯಿತು. ಆ ಸಾಲು ಇನ್ನೂ ತಲೆಯೊಳಗೆ ಓಡಾಡಿಕೊಂಡಿದೆ. ಈ ಬರಹ ಅದಕ್ಕೆ ತಡವಾಗಿ ಕೊಡುತ್ತಿರುವ ಉತ್ತರ ಅಂದುಕೊಳ್ಳಿ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಸಿಟ್ಟಿನ ಸಲುವಾಗಿ ನಾನು ಮೊದಲು ಹೋದದ್ದು ಒಬ್ಬ ಕೌನ್ಸೆಲರ್ ಹತ್ತಿರ. ಅವರು ಹೇಳಿಕೊಟ್ಟದ್ದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ಖಿನ್ನತೆಯ ರೋಗಿಗಳ ಜೊತೆ ಕೂತು ಕಂಡುಕೊಂಡ ದಾರಿಯಿಂದ ಬೆಳೆದದ್ದು. ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಬೇಕು. ಏನಾಯಿತು? ಆ ಕ್ಷಣ ಮನಸ್ಸಿಗೆ ಬಂದ ಮಾತೇನು? ಸಿಟ್ಟು ನೂರಕ್ಕೆ ಎಷ್ಟು? ಆ ಮಾತು ನಿಜ ಅನ್ನಲು ಸಾಕ್ಷಿ ಏನು? ಬೇರೆ ಥರ ನೋಡಿದರೆ ಹೇಗೆ ಕಾಣುತ್ತದೆ? "ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ" ಎಂದು ಬರೆದ ಸಾಲಿನ ಪಕ್ಕದಲ್ಲಿ "ಬೇರೇನೋ ಯೋಚನೆಯಲ್ಲಿದ್ದಿರಬಹುದು" ಎಂದು ಬರೆಯುವಷ್ಟರಲ್ಲಿ ಎಂಬತ್ತಿದ್ದ ಸಿಟ್ಟು ನಲವತ್ತಕ್ಕೆ ಇಳಿದಿರುತ್ತಿತ್ತು. ಇದು ಸುಳ್ಳಲ್ಲ, ನಿಜವಾಗಿಯೂ ಇಳಿಯುತ್ತಿತ್ತು.

ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ನೋಟ್‌ಬುಕ್ಕು ನನ್ನ ಕೈಯಲ್ಲಿ ಆರೋಪಪಟ್ಟಿಯಾಯಿತು. ಪ್ರತಿ ಪುಟವೂ ನಾನು ಮತ್ತೆ ಎಡವಿದ್ದಕ್ಕೆ ದಾಖಲೆ. ಸಿಟ್ಟು ಬಂತು ಅಂತ ನನ್ನ ಮೇಲೆ ನನಗೇ ಸಿಟ್ಟು. ಇದು ಸಿಬಿಟಿಯ ದೋಷವಲ್ಲ, ಕೌನ್ಸೆಲರ್ ದೋಷವೂ ಅಲ್ಲ. ಅವರು ಪೆನ್ಸಿಲ್ ಕೊಟ್ಟಿದ್ದರು, ನಾನು ಅದನ್ನು ಚಾಟಿ ಮಾಡಿಕೊಂಡೆ.

ಆಮೇಲೆ ಹತ್ತು ದಿನದ ಮೌನದ ಧ್ಯಾನ ಶಿಬಿರಕ್ಕೆ ಹೋದೆ. ಬಂದದ್ದನ್ನು ನೋಡು, ಅಂಟಿಕೊಳ್ಳಬೇಡ, ತಳ್ಳಬೇಡ ಅಂದರು. ಏನನ್ನೂ ಸರಿಮಾಡಬೇಕಾಗಿಲ್ಲ ಎಂದು ನನಗೆ ಕೇಳಿಸಿತು. ಎಂಥಾ ಹಗುರ ಅನ್ನಿಸಿತು ಅಂದರೆ, ಆರನೇ ದಿನವೋ ಏಳನೇ ದಿನವೋ ಸುಮ್ನೆ ಕೂತು ಅತ್ತುಬಿಟ್ಟೆ. ಹೊರಗೆ ಬರುವಾಗ ತಲೆಯಲ್ಲಿ ಒಂದು ಅಚ್ಚುಕಟ್ಟಾದ ಸಿದ್ಧಾಂತವೂ ಇತ್ತು: ಪಶ್ಚಿಮದವರು ಮನಸ್ಸನ್ನು ರಿಪೇರಿ ಮಾಡಲು ಹೊರಡುತ್ತಾರೆ, ಬೌದ್ಧರು ಅದನ್ನು ಇದ್ದ ಹಾಗೇ ಇರಲು ಬಿಡುತ್ತಾರೆ. ಈ ಸಿದ್ಧಾಂತ ನನ್ನ ಸ್ವಂತದ್ದೇನಲ್ಲ. ಧ್ಯಾನದ ಬಗ್ಗೆ ನಾಲ್ಕು ಜನ ಮಾತಾಡುವ ಜಾಗದಲ್ಲಿ ಒಬ್ಬರಾದರೂ ಇದನ್ನು ಹೇಳುತ್ತಾರೆ.

ಅಕ್ಕನ ಮಾತು ಚುಚ್ಚಿದ ಮೇಲೆ, ನನ್ನ ಪರವಾಗಿ ಸಾಕ್ಷಿ ಹುಡುಕಲು ಬುದ್ಧನ ಸುತ್ತಗಳನ್ನು, ಅಂದರೆ ಪಾಳಿ ಭಾಷೆಯಲ್ಲಿರುವ ಅವನ ಉಪದೇಶಗಳನ್ನು ಓದಲು ಕೂತೆ. ಉದ್ದೇಶ ಅಷ್ಟೇನೂ ಒಳ್ಳೆಯದಾಗಿರಲಿಲ್ಲ. ಸಿದ್ಧಾಂತ ಒಂದು ವಾರವೂ ಬಾಳಲಿಲ್ಲ.

ಮಜ್ಝಿಮ ನಿಕಾಯ ಎಂಬ ಸುತ್ತಗಳ ಸಂಗ್ರಹದಲ್ಲಿ 20ನೆಯದರ ಹೆಸರು ವಿತಕ್ಕಸಂಠಾನ ಸುತ್ತ. ಕೆಟ್ಟ ಯೋಚನೆ ಬಂದು ಕಾಡಿದರೆ ಭಿಕ್ಷು ಏನು ಮಾಡಬೇಕು ಎಂಬುದೇ ಅದರ ವಿಷಯ. "ಸುಮ್ನೆ ನೋಡು, ಅದು ತಾನೇ ಹೋಗುತ್ತದೆ" ಎಂಬ ಮಾತನ್ನು ನಾನು ನಿರೀಕ್ಷಿಸಿದ್ದೆ. ಅಲ್ಲಿ ಇದ್ದದ್ದು ಐದು ಉಪಾಯ, ಒಂದಕ್ಕಿಂತ ಒಂದು ಖಡಕ್. ಮೊದಲನೆಯದು, ಕೆಟ್ಟ ಯೋಚನೆಯ ಜಾಗದಲ್ಲಿ ಒಳ್ಳೆಯದನ್ನು ತಂದು ಕೂರಿಸು. ಬಡಗಿ ಸಣ್ಣ ಗೂಟ ಹೊಡೆದು ದಪ್ಪ ಗೂಟವನ್ನು ಹೊರಗೆ ಹಾಕುವ ಹಾಗೆ. ಅದು ನಡೆಯದಿದ್ದರೆ ಆ ಯೋಚನೆಯಿಂದ ಆಗುವ ಹಾನಿಯನ್ನು ನೋಡು. ಅಲಂಕಾರ ಇಷ್ಟಪಡುವ ಹರೆಯದವರ ಕೊರಳಿಗೆ ಸತ್ತ ಹಾವನ್ನೋ ಸತ್ತ ನಾಯಿಯನ್ನೋ ನೇತುಹಾಕಿದರೆ ಹೇಗೆ ಹೇಸಿಗೆಪಡುತ್ತಾರೋ ಹಾಗೆ ಹೇಸಿಗೆ ಹುಟ್ಟಲಿ. ಅದೂ ಆಗದಿದ್ದರೆ ಅದರ ಕಡೆ ಗಮನ ಕೊಡಬೇಡ. ನೋಡಲು ಇಷ್ಟವಿಲ್ಲದವನು ಕಣ್ಣು ಮುಚ್ಚುವುದಿಲ್ಲವೇ?

ನಾಲ್ಕನೆಯದು ನನಗೆ ತುಂಬಾ ಇಷ್ಟ. ಒಬ್ಬ ಬಿರಬಿರನೆ ನಡೆಯುತ್ತಿದ್ದಾನೆ. ಯಾಕೆ ಇಷ್ಟು ಅವಸರ ಅಂತ ಅವನಿಗೇ ಅನ್ನಿಸುತ್ತದೆ. ನಿಧಾನ ಮಾಡುತ್ತಾನೆ. ನಡೆಯುವುದಾದರೂ ಯಾಕೆ ಅಂತ ನಿಲ್ಲುತ್ತಾನೆ. ನಿಲ್ಲುವುದು ಯಾಕೆ ಅಂತ ಕೂರುತ್ತಾನೆ. ಕೂರುವುದು ಯಾಕೆ ಅಂತ ಮಲಗುತ್ತಾನೆ. ಯೋಚನೆಯನ್ನು ಹುಟ್ಟಿಸುವ ಒತ್ತಡವನ್ನು ಹೀಗೆ ಒಂದೊಂದೇ ಮೆಟ್ಟಿಲು ಇಳಿಸಬೇಕಂತೆ. ಸಿಟ್ಟಿನ ಯೋಚನೆಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಎಲ್ಲೂ ಓದಿಲ್ಲ. ಐದನೆಯದು ಕೊನೆಯ ಅಸ್ತ್ರ: ಹಲ್ಲು ಕಚ್ಚಿ, ನಾಲಗೆಯನ್ನು ಅಂಗುಳಕ್ಕೆ ಒತ್ತಿ, ಬಲಶಾಲಿ ಬಲಹೀನನನ್ನು ಹಿಡಿದು ಅದುಮುವ ಹಾಗೆ ಮನಸ್ಸಿನಿಂದಲೇ ಮನಸ್ಸನ್ನು ಅದುಮು.

ಇದರಲ್ಲಿ "ಇದ್ದ ಹಾಗೇ ಇರು" ಎಲ್ಲಿದೆ? ಮೊದಲ ಎರಡು ಉಪಾಯ ನನ್ನ ನೋಟ್‌ಬುಕ್ಕಿನ ಕೊನೆಯ ಕಾಲಂಗಳ ಹತ್ತಿರದ ನೆಂಟರು. ಐದನೆಯದನ್ನಂತೂ ಇವತ್ತು ಯಾವ ಥೆರಪಿಸ್ಟೂ ಬರೆದುಕೊಡಲಾರರು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದೆಯಲ್ಲ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂದದ್ದು. ಗಂಟೆಗಳು ಮೊಳಗುತ್ತಲೇ ಇದ್ದವು. ಆಮೇಲೆ ಯೋಚಿಸಬಹುದು ಅಂದಾಗ ಕರಡಿ ಇನ್ನೂ ಜಾಸ್ತಿ ಬಂತು. ಅದುಮಿದ್ದು ಪುಟಿಯುತ್ತದೆ ಎಂಬುದಕ್ಕೆ ಎಲ್ಲರೂ ತೋರಿಸುವ ಸಾಕ್ಷಿ ಇದು. ಬಹುಶಃ ಅದಕ್ಕೇ ಸುತ್ತದಲ್ಲೂ ಅದುಮುವುದು ಕೊನೆಗೆ ಬರುತ್ತದೆ ಅಂತ ನನ್ನ ಊಹೆ.

ಬುದ್ಧನ ಗುರಿಯನ್ನೇ ನೋಡಿ. ದುಃಖ ಇದೆ, ಅದಕ್ಕೆ ಕಾರಣ ಇದೆ, ಅದು ಕೊನೆಯಾಗಬಲ್ಲದು, ಕೊನೆಗಾಣಿಸುವ ದಾರಿ ಇದೆ. ಕೊನೆಯಾಗಬಲ್ಲದು! ಇನ್ನು ಪಶ್ಚಿಮದಲ್ಲಿ, ಮನೋವಿಶ್ಲೇಷಣೆಯನ್ನು ಶುರುಮಾಡಿದ ಫ್ರಾಯ್ಡ್ 1895ರಲ್ಲಿ ತನ್ನ ರೋಗಿಗಳಿಗೆ ಕೊಟ್ಟ ಭರವಸೆ ಏನು? ನಿಮ್ಮ ಹಿಸ್ಟೀರಿಯಾದ ಸಂಕಟವನ್ನು ಎಲ್ಲರಿಗೂ ಇರುವ ಸಾಮಾನ್ಯ ದುಃಖವಾಗಿ ಬದಲಾಯಿಸಿಕೊಟ್ಟರೆ ಅದೇ ದೊಡ್ಡ ಲಾಭ ಎಂದು. ಈಗ ಹೇಳಿ, ಬದಲಾವಣೆಯ ಹುಚ್ಚು ಯಾರಿಗೆ ಜಾಸ್ತಿ?

ಪಶ್ಚಿಮದ ಉಳಿದವರ ಕಡೆ ತಿರುಗಿದರೆ ಅಲ್ಲೂ ಸಿದ್ಧಾಂತ ತಲೆಕೆಳಗು. 1932ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಂಗ್ ಪಾದ್ರಿಗಳ ಮುಂದೆ ಉಪನ್ಯಾಸ ಕೊಡುತ್ತಾ, ಒಪ್ಪಿಕೊಳ್ಳದೆ ಯಾವುದನ್ನೂ ಬದಲಾಯಿಸಲು ಆಗುವುದಿಲ್ಲ, ಖಂಡನೆ ಬಿಡುಗಡೆ ಮಾಡುವುದಿಲ್ಲ, ಅದುಮುತ್ತದೆ ಎಂಬರ್ಥದ ಮಾತು ಹೇಳಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1961ರಲ್ಲಿ ಅದನ್ನು ಒಂದು ವಿಚಿತ್ರ ಒಗಟು ಎಂದು ಕರೆದರು: ನಾನು ಹೇಗಿದ್ದೇನೋ ಹಾಗೆ ನನ್ನನ್ನು ಒಪ್ಪಿಕೊಂಡಾಗಲೇ ನಾನು ಬದಲಾಗುತ್ತೇನೆ.

ಇವರ ಸಾಲಿನಲ್ಲಿ ಆರ್ನಲ್ಡ್ ಬೈಸರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಟೆನಿಸ್‌ನಲ್ಲಿ ಹೆಸರು ಮಾಡಿದ್ದ ಯುವ ವೈದ್ಯ. ಇಪ್ಪತ್ತೈದರ ಆಸುಪಾಸಿನಲ್ಲಿ ಪೋಲಿಯೊ ಬಂತು. ಉಸಿರಾಟಕ್ಕೆ ಕಬ್ಬಿಣದ ಪೆಟ್ಟಿಗೆಯಂಥ ಯಂತ್ರದೊಳಗೆ ಮಲಗಬೇಕಾಯಿತು. ಆಮೇಲಿನ ಬದುಕೆಲ್ಲ ಗಾಲಿಕುರ್ಚಿಯಲ್ಲಿ. ಮನೋವೈದ್ಯರಾದರು, ಈ ಕ್ಷಣದ ಅನುಭವದ ಮೇಲೆ ಗಮನ ಇಡುವ ಗೆಸ್ಟಾಲ್ಟ್ ಥೆರಪಿ ಕಲಿತರು. 1970ರಲ್ಲಿ ಕೆಲವೇ ಪುಟಗಳ ಒಂದು ಲೇಖನ ಬರೆದರು. ಮನುಷ್ಯ ತಾನಲ್ಲದ್ದು ಆಗಲು ಹೆಣಗಿದಾಗ ಬದಲಾಗುವುದಿಲ್ಲ, ತಾನು ಏನೋ ಅದಾದಾಗ ಬದಲಾಗುತ್ತಾನೆ ಎಂಬುದು ಅದರ ತಿರುಳು. ಎದ್ದು ಓಡಾಡುವವರು ಈ ಮಾತು ಹೇಳಿದ್ದರೆ ನಾನು ಪುಟ ಮಗುಚಿ ಮುಂದೆ ಹೋಗುತ್ತಿದ್ದೆನೇನೋ. ಕೈಕಾಲು ಬಿದ್ದುಹೋದವರಿಗೆ "ನಾನು ಏನೋ ಅದಾಗುವುದು" ಅಂದರೆ ಏನು ಅಂತ ಯೋಚಿಸಿದಾಗ, ಆ ಸಾಲಿಗೆ ಬೇರೆಯೇ ತೂಕ ಬರುತ್ತದೆ.

ಅಂದರೆ ಎರಡೂ ಕಡೆ ಎರಡೂ ಇದೆ. ಸರಿ. ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಅದು ಇರುವುದು ನಾನು ಹುಡುಕುತ್ತಿದ್ದ ಜಾಗದಲ್ಲಲ್ಲ.

1990ರಲ್ಲಿ ಧರ್ಮಶಾಲೆಯಲ್ಲಿ ದಲೈ ಲಾಮಾ ಅವರ ಜೊತೆ ಪಶ್ಚಿಮದ ಕೆಲವು ವಿಜ್ಞಾನಿಗಳು, ಧ್ಯಾನ ಕಲಿಸುವವರು ಸೇರಿ ಕೂತಿದ್ದರು. ಅಮೆರಿಕದ ಧ್ಯಾನ ಶಿಕ್ಷಕಿ ಶರಾನ್ ಸಾಲ್ಜ್‌ಬರ್ಗ್, ತನ್ನನ್ನು ತಾನೇ ದ್ವೇಷಿಸುವುದರ ಬಗ್ಗೆ ನೀವೇನು ಹೇಳುತ್ತೀರಿ ಎಂದು ಕೇಳಿದರು. ದಲೈ ಲಾಮಾ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅನುವಾದಕರ ಜೊತೆ ಹಿಂದೆ ಮುಂದೆ ಮಾತಾಡಿದರು. ಅದೇನದು ಅಂತ ಮತ್ತೆ ಕೇಳಿದರು. ಮನುಷ್ಯನ ಮನಸ್ಸನ್ನು ಅಷ್ಟು ವರ್ಷ ಅಧ್ಯಯನ ಮಾಡಿದವರಿಗೆ ಅದು ಹೊಸ ರೋಗದ ಹೆಸರಿನಂತೆ ಕೇಳಿಸಿತು. ಕೂತಿದ್ದ ಅತಿಥಿಗಳಿಗೋ, ಅದು ಕೇಳಿದ ತಕ್ಷಣ ಅರ್ಥವಾಗುವ ಮಾತು.

ಇದನ್ನಿಟ್ಟುಕೊಂಡು ಪೂರ್ವದವರಿಗೆ ತಮ್ಮ ಮೇಲೆ ದ್ವೇಷವೇ ಇಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ನೋಟ್‌ಬುಕ್ಕೇ ಸಾಕ್ಷಿ. ಆದರೆ ಈ ಪ್ರಸಂಗದಿಂದ ಒಂದು ವಿಷಯ ಕಾಣುತ್ತದೆ. ಪಶ್ಚಿಮದ ಥೆರಪಿಯಲ್ಲಿ ಒಪ್ಪಿಕೊಳ್ಳುವುದು ಅನ್ನುವುದು ಒಂದು ಗಾಯಕ್ಕೆ ಹಚ್ಚಿದ ಮುಲಾಮು. ನೀನು ಕೆಟ್ಟವನು, ಸಾಲದು, ಇನ್ನೂ ಆಗಬೇಕು ಎಂಬ ಒಳಗಿನ ತೀರ್ಪು ಮೊದಲೇ ಬಂದಿರುತ್ತದೆ. ಅದಕ್ಕೆ ಎದುರಾಗಿ "ನೀನು ಸರಿ ಇದ್ದೀಯ" ಎಂಬ ಇನ್ನೊಂದು ತೀರ್ಪು ಬೇಕಾಗುತ್ತದೆ. ಬೌದ್ಧರ ಹತ್ತಿರ ಈ ಎರಡನೇ ತೀರ್ಪು ಸಿಗುವುದಿಲ್ಲ. ಅವರು ಕೋರ್ಟನ್ನೇ ನಡೆಸುವುದಿಲ್ಲ. ಅನತ್ತ ಎಂದರೆ ಇದೇ ಅಲ್ವಾ? ಹಿಡಿದು ತೋರಿಸಬಹುದಾದ ಗಟ್ಟಿ "ನಾನು" ಒಂದು ಇಲ್ಲ ಅಂದ ಮೇಲೆ, ಒಪ್ಪಿಕೊಳ್ಳಲು ಯಾರನ್ನು ಕರೆದು ನಿಲ್ಲಿಸುವುದು? ಎಚ್ಚರದಿಂದ ಗಮನಿಸುವುದನ್ನು ಕಲಿಸುವ ಸತಿಪಟ್ಠಾನ ಸುತ್ತದಲ್ಲಿ ದ್ವೇಷ ತುಂಬಿದ ಮನಸ್ಸನ್ನು ದ್ವೇಷ ತುಂಬಿದ ಮನಸ್ಸು ಎಂದು ತಿಳಿಯುತ್ತಾನೆ ಅಂತ ಬರುತ್ತದೆ. ನಾನು ದ್ವೇಷಿ ಎಂದು ತಿಳಿಯುತ್ತಾನೆ ಅಂತ ಇಲ್ಲ. ಅದೇ ಸುತ್ತದಲ್ಲಿ ಮುಂದೆ, ದ್ವೇಷ ಹೇಗೆ ಹುಟ್ಟುತ್ತದೆ, ಹೇಗೆ ಬಿಟ್ಟುಹೋಗುತ್ತದೆ, ಬಿಟ್ಟದ್ದು ಮತ್ತೆ ಹುಟ್ಟದಿರಲು ಏನು ಆಗಬೇಕು ಎಂಬುದನ್ನೂ ತಿಳಿಯಬೇಕು ಅಂತ ಬರುತ್ತದೆ. ಶಿಬಿರದಿಂದ ಬರುವಾಗ ನಾನು ಮೊದಲ ಅರ್ಧವನ್ನಷ್ಟೇ ಕಟ್ಟಿಕೊಂಡು ಬಂದಿದ್ದೆ.

ಪಶ್ಚಿಮದಲ್ಲಿ ಈ ಕೋರ್ಟು ಬೇಡ ಎಂದ ಒಬ್ಬರಿದ್ದರು, ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್. ಬಾಯಿ ಒರಟು, ತಲೆ ಚುರುಕು. ಮಾಡಿದ ಕೆಲಸಕ್ಕೆ ಅಂಕ ಕೊಡಿ, ಮಾಡಿದ ಮನುಷ್ಯನಿಗೆ ಕೊಡಬೇಡಿ, ಸೊನ್ನೆಯೂ ಬೇಡ ನೂರೂ ಬೇಡ ಎನ್ನುವುದು ಅವರ ಪಾಠ. ನೂರೂ ಬೇಡ ಅನ್ನುವುದು ಮುಖ್ಯ. ಆತ್ಮಗೌರವ ಬೆಳೆಸಿಕೊಳ್ಳಿ ಎಂಬ ಉಪದೇಶಕ್ಕೆ ಅವರು ಕೆಂಡಾಮಂಡಲವಾಗುತ್ತಿದ್ದರು. ಇವತ್ತು ನೂರು ಕೊಟ್ಟುಕೊಂಡವರು ನಾಳೆ ಸೊನ್ನೆ ಕೊಟ್ಟುಕೊಳ್ಳುತ್ತಾರೆ ಎಂಬುದು ಅವರ ವಾದ.

ಇಲ್ಲಿ ನಮ್ಮ ಭಾಷೆಯ ಕಡೆ ಒಂದು ಸುತ್ತು ಹೋಗಿಬರುತ್ತೇನೆ. ಅಕ್ಕನ ಮಾತಿಗೆ ಉತ್ತರ ಅಲ್ಲೇ ಸಿಕ್ಕಿತು. ಕನ್ನಡದಲ್ಲಿ "ಒಪ್ಪು" ಅನ್ನುವುದಕ್ಕೆ ಒಂದೇ ಅರ್ಥವಲ್ಲ. ಕಳ್ಳ ತಪ್ಪೊಪ್ಪಿಕೊಂಡ ಅಂದರೆ ಕದ್ದದ್ದು ಹೌದು ಅಂದ. ಕಳ್ಳತನ ಸರಿ ಅಂದ ಅಂತಲ್ಲ. ಮಾತುಕತೆಗೆ ಒಪ್ಪಿದರು ಅಂದರೆ ಸಮ್ಮತಿ ಕೊಟ್ಟರು. ಈ ಬಣ್ಣ ನಿನಗೆ ಒಪ್ಪುತ್ತದೆ ಅಂದರೆ ಚೆನ್ನಾಗಿ ಕಾಣುತ್ತದೆ. ಶಿಬಿರದಲ್ಲಿ ಹೇಳಿದ್ದು ಮೊದಲನೆಯದು: ಸಿಟ್ಟು ಇದೆ, ಹೌದು. ನಾನು ಹಿಡಿದುಕೊಂಡು ಬಂದದ್ದು ಮೂರನೆಯದು: ಸಿಟ್ಟು ನನಗೆ ಒಪ್ಪುತ್ತದೆ. ಅಕ್ಕ ಕೇಳಿದ್ದು ಎರಡನೆಯದು: ನನ್ನ ಸಮ್ಮತಿ ಎಲ್ಲಿ?

ಇನ್ನೊಂದು ಪದ ಉಪೇಕ್ಷೆ. ಪಾಳಿಯಲ್ಲಿ ಉಪೇಕ್ಖಾ ಅಂದರೆ ಏರುಪೇರಿಲ್ಲದೆ, ಹತ್ತಿರದಿಂದ, ಪಕ್ಷ ವಹಿಸದೆ ನೋಡುವುದು. ಮೈತ್ರಿ, ಕರುಣೆ, ಮುದಿತಾ (ಇನ್ನೊಬ್ಬರ ಸುಖಕ್ಕೆ ಸಂತೋಷಪಡುವುದು) ಆದ ಮೇಲೆ ಬರುವ ನಾಲ್ಕನೆಯ ದೊಡ್ಡ ಗುಣ. ಕನ್ನಡದಲ್ಲಿ ಉಪೇಕ್ಷೆ ಅಂದರೆ? ಕಡೆಗಣಿಸುವುದು. ರೋಗವನ್ನು ಉಪೇಕ್ಷೆ ಮಾಡಬೇಡಿ ಅನ್ನುತ್ತೇವೆ. 5ನೇ ಶತಮಾನದಲ್ಲಿ ವಿಸುದ್ಧಿಮಗ್ಗ ಎಂಬ ಬೌದ್ಧ ಗ್ರಂಥ ಬರೆದ ಬುದ್ಧಘೋಷ ಇದನ್ನು ಮೊದಲೇ ಎಚ್ಚರಿಸಿದ್ದ. ಪ್ರತಿ ಗುಣಕ್ಕೂ ಒಬ್ಬ ದೂರದ ಶತ್ರು, ಒಬ್ಬ ಹತ್ತಿರದ ಶತ್ರು. ಉಪೇಕ್ಖಾಕ್ಕೆ ಹತ್ತಿರದ ಶತ್ರು, ನೋಡಲು ಅದರ ಹಾಗೇ ಇರುವ, ಅಜ್ಞಾನದಿಂದ ಹುಟ್ಟಿದ ಅಸಡ್ಡೆ. ನಮ್ಮ ಭಾಷೆಯಲ್ಲಿ ಆ ಪದವೇ ಶತ್ರುವಿನ ಮನೆಗೆ ಹೋಗಿ ನೆಲೆಸಿಬಿಟ್ಟಿದೆ. ಫೋನಿನಲ್ಲಿ ನಾನು ಅಕ್ಕನಿಗೆ ತೋರಿಸಿದ್ದೂ ಕನ್ನಡದ ಉಪೇಕ್ಷೆಯನ್ನೇ, ಅದಕ್ಕೆ ಪಾಳಿಯ ಹೆಸರಿಟ್ಟು.

ಒಪ್ಪಿಕೊಳ್ಳುವುದು, ಬದಲಾಗುವುದು ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸಿದವರಲ್ಲಿ ನನಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಮುಖ್ಯ ಅನ್ನಿಸುತ್ತಾರೆ. ಕಾರಣ, ಅವರು ಇದನ್ನು ಸಿದ್ಧಾಂತದಿಂದ ಶುರು ಮಾಡಲಿಲ್ಲ, ಸೋತು ಕಲಿತರು. ಅವರ ಹತ್ತಿರ ಬರುತ್ತಿದ್ದವರು ಮತ್ತೆ ಮತ್ತೆ ಆತ್ಮಹತ್ಯೆಗೆ ಯತ್ನಿಸಿದವರು, ತಮ್ಮ ಮೈಯನ್ನು ತಾವೇ ಗಾಯ ಮಾಡಿಕೊಳ್ಳುತ್ತಿದ್ದವರು. ಮೊದಲು ಲಿನೆಹನ್ ವರ್ತನೆ ಬದಲಾಯಿಸುವ ಥೆರಪಿ ಕೊಟ್ಟರು. ಬಂದವರಿಗೆ ಅದು "ಎಲ್ಲ ತಪ್ಪೂ ನಿನ್ನದೇ" ಎಂದು ಕೇಳಿಸಿತು. ಸಿಟ್ಟಾದರು, ಬರುವುದನ್ನೇ ನಿಲ್ಲಿಸಿದರು. ಸರಿ, ಪೂರ್ತಿ ಒಪ್ಪಿಕೊಳ್ಳುವ ಕಡೆ ವಾಲಿ ನೋಡಿದರು. ಆಗ "ನಾನು ನರಕದಲ್ಲಿದ್ದೇನೆ, ನೀವು ಸುಮ್ನೆ ತಲೆಯಾಡಿಸುತ್ತಿದ್ದೀರಿ" ಎಂಬ ಹತಾಶೆ. ಎರಡೂ ಬೇಕು, ಒಂದೇ ಗಂಟೆಯೊಳಗೆ, ಒಮ್ಮೊಮ್ಮೆ ಒಂದೇ ವಾಕ್ಯದೊಳಗೆ ಬೇಕು ಎಂಬುದು ಅಲ್ಲಿಂದ ಹೊಳೆಯಿತು. ಒಪ್ಪಿಕೊಳ್ಳುವುದನ್ನು ಕಲಿಯಲು ಅವರು ಬೌದ್ಧ ಧ್ಯಾನದ ಒಂದು ಪಂಥವಾದ ಝೆನ್‌ನ ಗುರುಗಳ ಬಳಿ ಹೋದರು. ಹೀಗೆ ಹುಟ್ಟಿದ್ದು ಡಿಬಿಟಿ, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. 1991ರಲ್ಲಿ ಅದರ ಮೊದಲ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಡಿಬಿಟಿ ಪಡೆದವರು ತಮ್ಮನ್ನು ಗಾಯಗೊಳಿಸಿಕೊಂಡದ್ದು ಕಡಿಮೆ.

2011ರಲ್ಲಿ ಲಿನೆಹನ್ ಇನ್ನೊಂದು ವಿಷಯ ಹೇಳಿದರು. ತಾನೂ ಆ ರೋಗಿಗಳಲ್ಲಿ ಒಬ್ಬಳಾಗಿದ್ದೆ ಎಂದು. 17ನೇ ವಯಸ್ಸಿನಲ್ಲಿ ಮಾನಸಿಕ ಆಸ್ಪತ್ರೆ ಸೇರಿ, ಎರಡು ವರ್ಷಕ್ಕೂ ಹೆಚ್ಚು ಅಲ್ಲಿದ್ದರು. ಹುಡುಗಿಯಾಗಿದ್ದಾಗ ತನಗೆ ಸಿಗದ ಚಿಕಿತ್ಸೆಯನ್ನು ಅವರು ತಾವೇ ಕಟ್ಟಿದ್ದರು.

ಡಿಬಿಟಿಯಲ್ಲಿ ಒಪ್ಪಿಕೊಳ್ಳುವುದಕ್ಕೆ ಮೈಮರೆವಿನ ಅರ್ಥ ಇಲ್ಲ. ಹೊಡೆಯುವವರ ಜೊತೆ ಬಾಳುತ್ತಿರುವವರಿಗೆ "ಒಪ್ಪಿಕೋ" ಅಂದರೆ "ಸಹಿಸಿಕೋ" ಅಂತಲ್ಲ, "ಹೊಡೆಯುತ್ತಿದ್ದಾರೆ ಎಂಬುದನ್ನು ನೋಡು, ನಾಳೆ ಸರಿಹೋಗುತ್ತಾರೆ ಎಂಬ ಕತೆ ಬಿಡು" ಅಂತ. ಅದು ಕಂಡವರೇ ಬಾಗಿಲು ತೆಗೆದು ಹೊರಡುತ್ತಾರೆ. ಇನ್ನೊಬ್ಬರ ಬಾಯಿಂದ ಬಂದ "ಒಪ್ಪಿಕೋ"ವನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ. ಅದನ್ನು ಹೇಳಿಸಿಕೊಳ್ಳುವವರು ಯಾವಾಗಲೂ ಬಲ ಕಡಿಮೆ ಇರುವವರೇ.

ಜಪಾನಿನ ಮನೋವೈದ್ಯ ಶೋಮಾ ಮೊರಿಟಾ ಇದೇ ಹಾದಿಯಲ್ಲಿ ಬಹಳ ಮೊದಲೇ, ಸುಮಾರು 1919ರ ಹೊತ್ತಿಗೇ ನಡೆದಿದ್ದರು. ಅವರ ಮಾತು ಅರುಗಮಾಮಾ, ಇರುವುದು ಇರುವ ಹಾಗೆ. ಅವರ ಚಿಕಿತ್ಸೆಯಲ್ಲಿ ಆತಂಕದ ರೋಗಿ ಮೊದಲ ಸುಮಾರು ಒಂದು ವಾರ ಏನೂ ಮಾಡದೆ ಹಾಸಿಗೆಯಲ್ಲಿರಬೇಕು. ಆಮೇಲೆ ಹಗುರ ಕೆಲಸ, ಆಮೇಲೆ ಮೈಬಗ್ಗಿಸುವ ಕೆಲಸ, ಕೊನೆಗೆ ಮಾಮೂಲಿ ಬದುಕು. ಆತಂಕ ಹೋಯಿತೇ ಎಂದು ಕಾಯುವ ಹಾಗಿಲ್ಲ. ಅದು ಪಕ್ಕದಲ್ಲೇ ಇರಲಿ, ನೀನು ಎದ್ದು ಕಸ ಗುಡಿಸು. ನನಗೆ ಇದರ ಸರಳತೆ ಬಹಳ ಹಿಡಿಸಿತು. ಭಾವನೆಗೆ ಅರುಗಮಾಮಾ, ಕೈಗೆ ಕೆಲಸ. ನನ್ನ ತೊಡಕು ಇದ್ದದ್ದು ಇಲ್ಲೇ. ನೋಟ್‌ಬುಕ್ಕಿನ ಕಾಲದಲ್ಲಿ ಸಿಟ್ಟು ಬರಲೇಬಾರದು ಎಂದು ಹಟ ಹಿಡಿದೆ. ಶಿಬಿರದ ಮೇಲೆ, ಬಂದ ಸಿಟ್ಟಿಗೆ ನಾಲಗೆಯನ್ನೂ ಕೊಟ್ಟೆ. ಸಿಟ್ಟು ಬರುವುದು ನನ್ನ ಕೈಯಲ್ಲಿಲ್ಲ. ನಾಲಗೆ ಇದೆ. ಒಂದನ್ನು ಒಪ್ಪಿಕೊಂಡು ಇನ್ನೊಂದನ್ನು ತಿದ್ದುವುದರಲ್ಲಿ ಜಗಳವೇನೂ ಇರಲಿಲ್ಲ.

ತಿದ್ದು ಅನ್ನುವುದೂ ಒಳ್ಳೆಯ ಪದ. ಅಕ್ಷರ ಕಲಿಯುವ ಮಗು ಬರೆದಿಟ್ಟ ಅಕ್ಷರದ ಮೇಲೇ ಮತ್ತೆ ಮತ್ತೆ ಬರೆಯುತ್ತದೆ. ಅದನ್ನೂ ತಿದ್ದುವುದು ಅಂತಲೇ ಅನ್ನುತ್ತೇವೆ. ಅಲ್ಲಿ ಏನನ್ನೂ ಅಳಿಸುವುದಿಲ್ಲ.

ನೋಟ್‌ಬುಕ್ಕನ್ನು ಮತ್ತೆ ತೆಗೆದಿದ್ದೇನೆ. ಬೆಳಗ್ಗೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದೂ ಮುಂದುವರಿದಿದೆ, ತಪ್ಪಿಸಿದ ದಿನಗಳೇ ಜಾಸ್ತಿ ಇರಬಹುದು. ಕೊನೆಯ ಕಾಲಂ ಒಂದನ್ನು ಬದಲಾಯಿಸಿಕೊಂಡೆ. "ಬೇರೆ ಥರ ನೋಡಿದರೆ?" ಎಂಬುದರ ಕೆಳಗೆ "ಆಮೇಲೆ ಏನು ಮಾಡಿದೆ?" ಎಂದು ಸೇರಿಸಿದ್ದೇನೆ. ನೂರಕ್ಕೆ ಎಷ್ಟು ಎಂಬ ಲೆಕ್ಕ ಬಿಟ್ಟೆ.

ಹೋದ ವಾರ ಅಕ್ಕನ ಫೋನು ಬಂತು. ಮಾತು ಎಲ್ಲಿಂದಲೋ ಶುರುವಾಗಿ ನನಗೆ ಆಗದ ವಿಷಯಕ್ಕೇ ಬಂತು. ಕಿವಿ ಬಿಸಿಯಾದದ್ದು, ದವಡೆ ಬಿಗಿದದ್ದು ಗೊತ್ತಾಯಿತು. ಬಾಯಿಗೆ ಬಂದಿದ್ದ ವಾಕ್ಯ ಪೂರ್ತಿ ತಯಾರಾಗಿತ್ತು. ಚೆನ್ನಾಗಿಯೂ ಇತ್ತು. "ಅಕ್ಕಾ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟೆ. ಕೋಣೆಯಲ್ಲೇ ಬಿರಬಿರನೆ ಓಡಾಡಿದೆ, ಆಮೇಲೆ ನಿಧಾನವಾಗಿ, ಆಮೇಲೆ ಕೂತೆ. ಮಲಗುವವರೆಗೆ ಹೋಗಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ನಾನೇ ಫೋನ್ ಮಾಡಿದೆ.

"ಸಿಟ್ಟು ಬಂದಿತ್ತಾ?" ಅಂದಳು.

"ಹೂಂ."

"ಹೋಯ್ತಾ?"

"ಇಲ್ಲ, ಇನ್ನೂ ಇದೆ."

"ಸರಿ, ಹೇಳು," ಅಂದಳು.